ಎರಡನೆಯ ಇಸವಿ

ಗುಲ್ಮಂಡಿ, ಔರಂಗಾಬಾದ್
4 ನವೆಂಬರ್ 1969

ತಮ್ಮಾ ವೈಜನಾಥ,

ದಸರೆಗೆ ಬರುತ್ತೇನೆ ಎಂದವನು ಬರಲಿಲ್ಲ. ದೀಪಾವಳಿಗೂ ಬರುವ ಲಕ್ಷಣ ಕಾಣುತ್ತಿಲ್ಲ. ನಾಶಿಕದ ಕಡೆ ವಿಮಾನ ಕಟ್ಟುವವರಿಗೆ ಔರಂಗಾಬಾದಿನ ಬಸ್ಸು ಹತ್ತುವುದು ಕಷ್ಟವಿರಬೇಕು. ನಮಗೆ ಹೊಟ್ಟೆಯ ಮಕ್ಕಳಿಲ್ಲ, ಇರುವ ಒಬ್ಬ ಮಗ ನೀನೇ ಎಂದು ನಮ್ಮ ಮನೆಯವರು, ನಿನ್ನ ಮಾವ, ಈಗಲೂ ಬಟ್ಟೆ ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಾರೆ. ಅದಕ್ಕಾದರೂ ಒಮ್ಮೆ ಮುಖ ತೋರಿಸು.

ನಿನಗೆ ಮುಚ್ಚಿಟ್ಟ ಒಂದು ಮಾತಿದೆ. ಮಾವನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎದೆ ಕೆಟ್ಟದ್ದು ನಿನಗೆ ಗೊತ್ತು. ಈ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಆಪರೇಷನ್ ತಡೆದುಕೊಳ್ಳುವ ಶಕ್ತಿ ಈ ಎದೆಗಿಲ್ಲ, ಒಂದು ವರ್ಷ, ಹೆಚ್ಚೆಂದರೆ ಎರಡು ಎಂದು. ನಾನು ಅವರಿಗೆ ಹೇಳಿಲ್ಲ. ಅವರೂ ಕೇಳಿಲ್ಲ. ಇಬ್ಬರೂ ಸುಳ್ಳು ಹೇಳಿಕೊಂಡು ಊಟ ಮಾಡುತ್ತಿದ್ದೇವೆ.

ಅಂಗಡಿಗೆ ಒಬ್ಬ ಹಿರಿಯರು ಬರುತ್ತಾರೆ, ಗುರುಲಿಂಗಪ್ಪ ಎಂದು. ನಮ್ಮ ಬೀದರಿನವರೇ. ಎಪ್ಪತ್ತು ಇರಬಹುದು, ಬಾಯಲ್ಲಿ ಒಂದು ಹಲ್ಲೂ ಬಿದ್ದಿಲ್ಲ. ಮಾತು ಸ್ವಲ್ಪ ವಿಚಿತ್ರ. ಮೊನ್ನೆ ಪನ್‌ಚಕ್ಕಿಯ, ಆ ಇನ್ನೂರು ವರ್ಷದ ನೀರಿನ ಗಿರಣಿಯ, ಸುದ್ದಿ ಬಂದಾಗ, "ಈ ನೀರಿನ ಕಾಲುವಿ ತೋಡುವಾಗ ಇಲ್ಲಿ ಒಂದ್ ಗಿಡದ ನೆಳ್ಳೂ ಇರ್ಲಿಲ್ಲವ್ವ" ಎಂದರು, ತಾವೇ ಪಕ್ಕದಲ್ಲಿ ನಿಂತಿದ್ದ ಹಾಗೆ. ಮಾವ ನಕ್ಕು ನಕ್ಕು ಕೆಮ್ಮಿದರು.

ಅವರು ಒಂದು ಬಿದರಿ ಡಬ್ಬಿ ಕೊಟ್ಟಿದ್ದಾರೆ. ಒಳಗೆ ಕಡಲೆ ಕಾಳಿನಷ್ಟು ಒಂದು ಲೋಹದ ಗುಂಡಿದೆ. ಅದನ್ನು ಎಡ ತೋಳಿನ ಚರ್ಮದ ಕೆಳಗೆ ಇಡಬೇಕಂತೆ. "ಎದಿ ನಿಂತ್ರೂ ಜೀವ ನಿಲ್ಲಾಂಗಿಲ್ಲವ್ವ" ಎಂದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಆದರೂ ನಾನು ಇನ್ನೂ ಏನೂ ಮಾಡಿಲ್ಲ. ಮಾಲೇಗಾಂವಿಗೆ ನೂಲು ತರಲು ಹೊರಟಿರುವ ಮನ್ಮಥಪ್ಪನವರ ಕೈಯಲ್ಲಿ ಡಬ್ಬಿಯನ್ನು ನಿನಗೆ ಕಳಿಸುತ್ತಿದ್ದೇನೆ. ಲೋಹದ ವಿಷಯ ನಿನಗೆ ತಿಳಿಯುತ್ತದೆ. ವಿಷವೇ, ಔಷಧವೇ, ನೋಡಿ ಹೇಳು.

ನಿನ್ನ ಅಕ್ಕ
ಪ್ರೇಮಾ

*

ಓಝರ್, ನಾಶಿಕ ಜಿಲ್ಲೆ
12 ನವೆಂಬರ್ 1969

ಅಕ್ಕಾ,

ಡಬ್ಬಿ ಮುಟ್ಟಿತು. ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸಿಟ್ಟು ಬಂತು. ಮಾವನ ಎದೆಯ ಸುದ್ದಿಯನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ? ನನಗೆ ಸೈಕಲ್ ಕಲಿಸಿದವರು, ಪಾಲಿಟೆಕ್ನಿಕ್ಕಿಗೆ ಕೈಹಿಡಿದು ಕರೆದುಕೊಂಡು ಹೋಗಿ ಹೆಸರು ಹಚ್ಚಿದವರು ಅವರು.

ಆ ಗುರುಲಿಂಗಪ್ಪನನ್ನು ಮನೆಯ ಹೊಸ್ತಿಲು ತುಳಿಯಲು ಬಿಡಬೇಡ. ಹಲ್ಲು ಗಟ್ಟಿ ಇದ್ದ ಮಾತ್ರಕ್ಕೆ ಯಾರೂ ಸಿದ್ಧಪುರುಷ ಆಗುವುದಿಲ್ಲ. ನಾಶಿಕದ ಘಾಟಿನಲ್ಲಿ ಇಂಥವರು ಕಲ್ಲು ಎಸೆದರೆ ನಾಲ್ಕು ಜನ ಸಿಗುತ್ತಾರೆ.

ಇರಲಿ, ನೋಡುತ್ತೇನೆ. ನೀನು ಗುಲ್ಮಂಡಿಯಲ್ಲೆಲ್ಲ ನನ್ನ ತಮ್ಮ ವಿಮಾನ ಹಾರಿಸುತ್ತಾನೆ ಎಂದು ಹೇಳಿಕೊಂಡು ಬಂದಿದ್ದೀಯಂತೆ, ಮನ್ಮಥಪ್ಪ ಹೇಳಿದರು. ನಾನು ಹಾರಿಸುವುದಿಲ್ಲ ಅಕ್ಕಾ. ಅಚ್ಚು ಹಾಕಿದ ಬಿಡಿಭಾಗಗಳ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಹೊರಗೆ ಲಕಲಕ ಹೊಳೆಯುವ ಲೋಹದ ಒಳಗೆ ಕೂದಲಿನಷ್ಟು ಬಿರುಕಿದ್ದರೂ ಫಿಲ್ಮಿನ ಮೇಲೆ ಗೆರೆಯಾಗಿ ಬೀಳುತ್ತದೆ. ನಮ್ಮ ಮೇಲಿನವರು ರತ್ನಾಕರ ಎಂದು, ಬಹಳ ಕಟ್ಟುನಿಟ್ಟಿನ ಮನುಷ್ಯ. ಅವರಿಗೆ ತಿಳಿಯದ ಹಾಗೆ ಒಂದು ಫಿಲ್ಮು ತೆಗೆಯುತ್ತೇನೆ. ಅಲ್ಲಿಯವರೆಗೆ ಮಾವನ ಮೈಗೆ ಯಾವ ಕಸವನ್ನೂ ಸೋಕಿಸಬೇಡ.

ವೈಜು

*

ಓಝರ್
2 ಡಿಸೆಂಬರ್ 1969

ಅಕ್ಕಾ,

ಇದನ್ನು ಒಬ್ಬಳೇ ಇದ್ದಾಗ ಓದು.

ಗುಂಡಿನ ಫಿಲ್ಮು ತೆಗೆದೆ. ಅದು ಗಟ್ಟಿ ಲೋಹವಲ್ಲ. ಒಳಗೆ ಪೂರ್ತಿ ಜೇನುಗೂಡಿನ ಹಾಗೆ ಗೂಡುಗೂಡು, ಒಂದೊಂದು ಗೂಡೂ ಸಮ. ನಮ್ಮಲ್ಲಿ ಪರದೇಶದಿಂದ ತರಿಸಿದ ಯಂತ್ರಗಳಿವೆ, ಅವುಗಳಲ್ಲಿ ಯಾವುದಕ್ಕೂ ಈ ಕೆಲಸ ಸಾಧ್ಯವಿಲ್ಲ. ಇನ್ನೊಂದು ಸಂಗತಿ: ಗುಂಡನ್ನು ಮೇಜಿನ ಮೇಲೆ ಇಟ್ಟು ಊಟಕ್ಕೆ ಹೋಗಿ ಬಂದು ಮುಟ್ಟಿದರೆ ಅದು ನಮ್ಮ ಮೈಯಷ್ಟೇ ಬೆಚ್ಚಗಿತ್ತು. ಮರುದಿನವೂ ಹಾಗೇ ಇತ್ತು.

ಆಮೇಲೆ ಖಾಲಿ ಡಬ್ಬಿಯ ಫಿಲ್ಮು ತೆಗೆದೆ. ಬಿದರಿ ಕೆಲಸ ನಿನಗೆ ಗೊತ್ತಲ್ಲ, ಸತುವಿನಲ್ಲಿ ಗೀರಿ, ಗೀರಿದ ಜಾಗಕ್ಕೆ ಬೆಳ್ಳಿ ಕೂಡಿಸಿ, ಕಪ್ಪು ಮಾಡುತ್ತಾರೆ. ಈ ಡಬ್ಬಿಯ ಮುಚ್ಚಳ ಕಣ್ಣಿಗೆ ಬರೀ ಕಪ್ಪು, ಒಂದು ಹೂವೂ ಇಲ್ಲ. ಆದರೆ ಕಪ್ಪಿನ ಕೆಳಗೆ ಬೆಳ್ಳಿ ಇದೆ. ಫಿಲ್ಮಿನಲ್ಲಿ ಸಾಲುಸಾಲಾಗಿ ಅಕ್ಷರ ಮೂಡಿತು. ಮೊದಲ ಮೂರು ಸಾಲು ಫಾರ್ಸಿ, ನಾಲ್ಕನೆಯದು ಮರಾಠಿಯ ಹಳೆಯ ಮೋಡಿ ಲಿಪಿ. ಸಾಲಿಗೊಂದು ಹೆಸರಿದ್ದ ಹಾಗಿದೆ, ಹೆಸರಿನ ಮುಂದೆ ಎರಡೆರಡು ಇಸವಿ ಇರಬೇಕು. ನನಗೆ ಓದಲು ಬರುವುದಿಲ್ಲ.

ಐದನೆಯ ಸಾಲು ಓದಲು ಬಂತು. ಅದು ಕನ್ನಡದಲ್ಲಿದೆ, ಮಾವನ ಹೆಸರು. ಅಲ್ಲಿ ಬೆಳ್ಳಿ ಇನ್ನೂ ಕೂಡಿಸಿಲ್ಲ, ಗೀರಿ ಮಸಿ ಮೆತ್ತಿದ್ದಾರೆ ಅಷ್ಟೆ. "ವಿಶ್ವನಾಥಪ್ಪ, ಔರಂಗಾಬಾದ್, 1969." ಎರಡನೆಯ ಇಸವಿಯ ಜಾಗ ಖಾಲಿ.

ಡಬ್ಬಿಯ ಒಳಗೆ ಗುಂಡು ಕೂರುವ ಕುಳಿ ಒಂದಲ್ಲ, ಎರಡಿವೆ. ನೀನು ಕಳಿಸಿದ್ದು ಒಂದು ಗುಂಡು.

ಇನ್ನೂ ಏನೂ ಮಾಡಿಲ್ಲ ಎಂದು ಬರೆದಿದ್ದೆಯಲ್ಲ. ನನಗೆ ಅ ಆ ಕಲಿಸಿದವಳು ನೀನು. ಸುಳ್ಳು ಹೇಳಿದರೆ ಬೆರಳಿನ ಗೆಣ್ಣಿಗೆ ಹೊಡೆದವಳೂ ನೀನೇ. ನಿಜ ಹೇಳು, ಇನ್ನೊಂದು ಗುಂಡು ಎಲ್ಲಿದೆ?

ವೈಜು

*

ಗುಲ್ಮಂಡಿ
9 ಡಿಸೆಂಬರ್ 1969

ತಮ್ಮಾ,

ಮಾವನ ತೋಳಿನಲ್ಲಿದೆ.

ವಿಜಯದಶಮಿಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಕೂತಿದ್ದಾಗ ಗುರುಲಿಂಗಪ್ಪನವರೇ ಇಟ್ಟರು. ಒಂದು ಹನಿ ರಕ್ತ ಬರಲಿಲ್ಲ. ನಿನಗೆ ಹೇಳಿದ್ದರೆ ನೀನು ಬಂದು ತಡೆಯುತ್ತಿದ್ದೆ, ನಾನು ನಿನ್ನ ಮಾತು ಕೇಳಿಬಿಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ನಿನಗೆ ಕಳಿಸಿದ್ದು ನನ್ನ ಪಾಲಿನ ಗುಂಡು. "ನಿನಗೂ ಒಂದ್ ಇಟ್ಟೀನವ್ವ, ಅವಸರ ಇಲ್ಲ" ಎಂದು ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು. ಮುಚ್ಚಳದಲ್ಲಿ ಹೆಸರು ಗೀರಿದ್ದು ನನಗೆ ಗೊತ್ತಿರಲಿಲ್ಲ, ಮಾವನ ಆಣೆ.

ಮೊದಲ ಹದಿನೈದು ದಿನ ನೀನು ನೋಡಬೇಕಿತ್ತು. ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರು, ಇಂಟರ್ವಲ್‌ನಲ್ಲಿ ಶೇಂಗಾ ಕೊಡಿಸಿದರು. ಡಾಕ್ಟರು ಕಿವಿಗೆ ಕೊಳವೆ ಇಟ್ಟುಕೊಂಡು ಎರಡು ಸಲ ಕೇಳಿ ತಲೆ ಕೆರೆದುಕೊಂಡರು. ನಾನು ಮನೆಗೆ ಬಂದು ದೇವರ ಮುಂದೆ ಕೂತು ಜೋರಾಗಿ ಅತ್ತೆ, ಸಂತೋಷಕ್ಕೆ.

ಆಮೇಲೆ ಬೇರೆ ಶುರುವಾಯಿತು. ಹಸಿವು ಹೋಯಿತು. ಬಿಸಿ ರೊಟ್ಟಿ ಮುಂದಿಟ್ಟರೆ ನನಗಾಗಿ ಒಂದು ಚೂರು ಮುರಿದುಕೊಳ್ಳುತ್ತಾರೆ. ನಿದ್ದೆ ಹೋಯಿತು. ಎಡಗೈ ತಣ್ಣಗಾಗಿದೆ, ಗುಂಡಿರುವ ಜಾಗ ಮಾತ್ರ ಬೆಚ್ಚಗಿದೆ. ಮೊನ್ನೆ ಗಿರಾಕಿ ಎದುರಿಗಿದ್ದಾಗಲೇ ನನ್ನ ಕಡೆ ತಿರುಗಿ, "ಪ್ರೇಮಾ, ನಂಗ ಎಚ್ಚರ ಭಾಳ ಆಗ್ಯಾದ. ಸಾಕಾಗ್ಯಾದ" ಎಂದರು. ಹಾಗೆಂದರೇನು ಎಂದು ಕೇಳಿದರೆ ಮತ್ತೆ ಬಟ್ಟೆ ಮಡಚುತ್ತ ಕೂತರು.

ಬೀದಿಯ ತುದಿಯ ದವಾಖಾನೆಯ ಕಂಪೌಂಡರ ನನಗೆ ಗೊತ್ತು. ಒಂದು ಸಣ್ಣ ಗೀರು ಹಾಕಿ ತೆಗೆದುಕೊಡುತ್ತಾನೆ. ಆದರೆ ತೆಗೆದ ಕೂಡಲೇ ಎದೆ ಮೊದಲಿನಂತಾದರೆ? ನಾನು ಅಡಿಗೆಮನೆಯ ಹೆಂಗಸು, ನನಗೆ ತಿಳಿಯುವುದಿಲ್ಲ. ನಿನ್ನ ಒಂದು ಮಾತಿಗೆ ಕಾಯುತ್ತಿದ್ದೇನೆ. ನೀನು ಹೂಂ ಎಂದರೆ ಮರುದಿನವೇ ತೆಗೆಸುತ್ತೇನೆ.

ಅಕ್ಕ

*

ಮಾಲೇಗಾಂವ್
21 ಡಿಸೆಂಬರ್ 1969

ಅಕ್ಕಾ, ತೆಗೆಸಬೇಡ!

ಫಿಲ್ಮು ಹಿಡಿದುಕೊಂಡು ಇಲ್ಲಿಗೆ ಬಂದಿದ್ದೇನೆ. ಫಾರ್ಸಿ ಬಲ್ಲ ಒಬ್ಬ ನಿವೃತ್ತ ಮಾಸ್ತರರು ಮಗ್ಗಗಳ ಗಲ್ಲಿಯಲ್ಲಿದ್ದಾರೆ. ಆ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು, ಅವರು ಓದಿದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದರು. ಹಿಜರಿ ವರ್ಷಗಳನ್ನು ಅವರೇ ನಮ್ಮ ಇಸವಿಗೆ ತಿರುಗಿಸಿಕೊಟ್ಟರು. ಮೋಡಿಯ ಸಾಲನ್ನು ನಮ್ಮ ಕಾರ್ಖಾನೆಯ ಮರಾಠಿ ಗುಮಾಸ್ತರು ಮೊದಲೇ ಓದಿದ್ದರು.

ಕೇಳು. ಸಂಗಪ್ಪ, ಬೀದರ, 1483ರಿಂದ 1495. ಕಲ್ಲಯ್ಯ, ಖಡ್ಕಿ, 1622ರಿಂದ 1649. ಖಡ್ಕಿ ಎಂದರೆ ನಿಮ್ಮ ಔರಂಗಾಬಾದಿನ ಹಳೆಯ ಹೆಸರು. ಬಸಲಿಂಗಮ್ಮ, ಭಾಲ್ಕಿ, 1791ರಿಂದ 1832. ಮಡಿವಾಳಪ್ಪ, ಪೈಠಣ, 1874ರಿಂದ 1930. ಎಲ್ಲರೂ ನಮ್ಮವರೇ, ಲಿಂಗ ಕಟ್ಟಿದವರೇ.

ಮೊದಲನೆಯ ಇಸವಿ ಗುಂಡು ಇಟ್ಟ ವರ್ಷ. ಮಾವನ ಹೆಸರಿನ ಮುಂದೆ 1969 ಇದೆಯಲ್ಲ, ಅದರಿಂದ ಸ್ಪಷ್ಟವಾಯಿತು. ಎರಡನೆಯದು ಅವರು ಲಿಂಗೈಕ್ಯರಾದ ವರ್ಷ. ಈಗ ಕಳೆದು ನೋಡು. ಹನ್ನೆರಡು ವರ್ಷ, ಇಪ್ಪತ್ತೇಳು, ನಲವತ್ತೊಂದು, ಐವತ್ತಾರು! ಒಂದಕ್ಕಿಂತ ಒಂದು ಗುಂಡು ಚೆನ್ನಾಗಿ ಕೆಲಸ ಮಾಡಿದೆ. ಯಾರೋ ಐನೂರು ವರ್ಷದಿಂದ ತಲೆಮಾರು ತಲೆಮಾರಾಗಿ ಇದನ್ನು ತಿದ್ದಿಕೊಂಡು ಬಂದಿದ್ದಾರೆ. ನಾನು ನಂಬುವವನಲ್ಲ, ನೀನು ಬಲ್ಲೆ. ಆದರೆ ಫಿಲ್ಮು ಸುಳ್ಳು ಹೇಳುವುದಿಲ್ಲ.

ಕೈ ತಣ್ಣಗಾಗುವುದು, ನಿದ್ದೆ ಬಾರದಿರುವುದು, ಮೈ ಹೊಸದಕ್ಕೆ ಹೊಂದಿಕೊಳ್ಳುವಾಗ ಆಗುವ ತೊಂದರೆ ಇರಬೇಕು. ಹೊಸ ಎಂಜಿನ್ನಿಗೂ ಮೊದಲು ಸ್ವಲ್ಪ ತಕರಾರು ಇರುತ್ತದೆ. ಮಾವನಿಗೆ ಈಗ ನಲವತ್ತೆಂಟು. ಇನ್ನೂ ಐವತ್ತಾರು ವರ್ಷ ಅಕ್ಕಾ! ನನ್ನ ಮೊಮ್ಮಕ್ಕಳಿಗೂ ಅವರೇ ಸೈಕಲ್ ಕಲಿಸಲಿ.

ಕಂಪೌಂಡರನ ಕಡೆ ಹೋಗಬೇಡ. ಇದು ನನ್ನ ಮಾತು.

ವೈಜು

*

ಗುಲ್ಮಂಡಿ
2 ಫೆಬ್ರುವರಿ 1970

ತಮ್ಮಾ ವೈಜನಾಥ,

ತಂತಿ ಸಿಕ್ಕು ನೀನು ಬರುವಷ್ಟರಲ್ಲಿ ಮಾವನ ಮಣ್ಣು ಮುಗಿದಿತ್ತು. ಮೂರು ದಿನ ಇದ್ದೆ. ಮನೆ ತುಂಬ ಜನ, ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ನೀನು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ, ಅದು ನನಗೆ ತಿಳಿದಿದೆ.

ನೀನು ನೋಡದ್ದನ್ನು ಬರೆಯುತ್ತೇನೆ. ಜನವರಿ ಹನ್ನೊಂದರಂದು ಬೆಳಿಗ್ಗೆ ಹತ್ತು ಗಂಟೆಗೆ ಗಂಟು ಬಿಚ್ಚಿ ಗಿರಾಕಿಗೆ ಸೀರೆ ತೋರಿಸುತ್ತಿದ್ದವರು ಹಾಗೇ ಗಾದಿಗೆ ಒರಗಿದರು. ಡಾಕ್ಟರು ಬಂದು ನಾಡಿ ನೋಡಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಪ್ರಾಣ ಹೋಗಿದೆ ಎಂದು ಬರೆದುಕೊಟ್ಟರು. ಸಂಜೆಯವರೆಗೆ ಕೂಡಿಸಿದ್ದೆವು. ಮೈ ಸೆಟೆಯಲಿಲ್ಲ ತಮ್ಮಾ. ಸಮಾಧಿಯಲ್ಲಿ ಪದ್ಮಾಸನ ಹಾಕಿಸುವಾಗ ಯಾರೂ ಕಾಲಿಗೆ ಬಲ ಹಾಕಬೇಕಾಗಲಿಲ್ಲ. ಮಠದ ಅಯ್ಯನವರು, "ಪುಣ್ಯವಂತರವ್ವಾ, ಇಂಥಾ ಕಾಯ ನಾ ನೋಡಿಲ್ಲ" ಎಂದರು. ಎಡಗೈಯಲ್ಲಿ ಲಿಂಗ ಇಟ್ಟರು. ಕುಣಿಯ ಬದಿಗೆ ತೋಡಿದ ಗೂಡಿನಲ್ಲಿ ಸುತ್ತಲೂ ವಿಭೂತಿ, ಉಪ್ಪು, ಬಿಲ್ವಪತ್ರೆ. ಗೂಡಿನ ಬಾಯಿಗೆ ಪರಸಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಮಣ್ಣು ಎಳೆದರು.

ಗುಂಡು ತೋಳಿನಲ್ಲೇ ಹೋಯಿತು. ಆ ಹೊತ್ತಿನಲ್ಲಿ ಯಾರಿಗೆ ಅದರ ನೆನಪು?

ಐವತ್ತಾರು ವರ್ಷ ಎಂದಿದ್ದೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ನಾನು ನಿನ್ನನ್ನು ಬೈಯುತ್ತಿಲ್ಲ. ಗುರುಲಿಂಗಪ್ಪನವರು ಮಣ್ಣಿಗೆ ಬಂದಿದ್ದರು, ಒಂದು ತೊಟ್ಟು ಕಣ್ಣೀರಿಲ್ಲ. ಎಲ್ಲರೂ ಹೋದ ಮೇಲೂ ಅಲ್ಲೇ ನಿಂತು ಸುತ್ತಲಿನ ಗಿಡಗಳನ್ನು ನೋಡುತ್ತಿದ್ದರು, ಜಾಗದ ಗುರುತು ಇಟ್ಟುಕೊಳ್ಳುವವರ ಹಾಗೆ. ಆಮೇಲೆ ಈ ಕಡೆ ಸುಳಿದಿಲ್ಲ.

ಅಕ್ಕ

*

ಓಝರ್
12 ಫೆಬ್ರುವರಿ 1970

ಅಕ್ಕಾ,

ನೀನು ಬೈದಿದ್ದರೆ ಒಳ್ಳೆಯದಿತ್ತು. ನನ್ನ ಲೆಕ್ಕ ನಂಬಿ ನೀನು ಅವರನ್ನು ಕಳೆದುಕೊಂಡೆ. ಎಲ್ಲಿ ತಪ್ಪಿದೆ ಎಂದು ಫಿಲ್ಮನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ, ತಿಳಿಯುತ್ತಿಲ್ಲ.

ನಿನ್ನ ಪಾಲಿನ ಗುಂಡನ್ನು ನಾಶಿಕಕ್ಕೆ ಹೋಗಿ ಗೋದಾವರಿಗೆ ಎಸೆದುಬಿಟ್ಟೆ. ಡಬ್ಬಿಯನ್ನೂ ಎಸೆದೆ. ಇನ್ನು ಆ ಮಾತು ಬೇಡ. ರಜೆ ಸಿಕ್ಕ ಕೂಡಲೇ ಬರುತ್ತೇನೆ.

ವೈಜು

*

ಓಝರ್
5 ಏಪ್ರಿಲ್ 1970

ಅಕ್ಕಾ,

ಎರಡು ತಿಂಗಳು ಬರೆಯಲಿಲ್ಲ. ರತ್ನಾಕರರಿಗೆ ಡಬ್ಬಿಯ ಫಿಲ್ಮು ಸಿಕ್ಕಿತು. ಕಾರ್ಖಾನೆಯ ಫಿಲ್ಮು, ಸ್ವಂತ ಕೆಲಸ, ನನ್ನದೇ ತಪ್ಪು. ಸಸ್ಪೆಂಡ್ ಆಗಿದ್ದೇನೆ. ವಿಚಾರಣೆ ಮುಗಿಯುವವರೆಗೆ ಊರು ಬಿಡುವಂತಿಲ್ಲ ಎಂದು ಬರೆಸಿಕೊಂಡಿದ್ದಾರೆ.

ಈಗ ಬರೆಯುವುದನ್ನು ಕೂತು ಓದು. ಮೊನ್ನೆ ಗುರುವಾರ ಮಧ್ಯಾಹ್ನ ಗುರುಲಿಂಗಪ್ಪ ಮಾಲೇಗಾಂವಿನ ಮಾಸ್ತರರಿಂದ ತಿಳಿದುಕೊಂಡು ನನ್ನ ಕ್ವಾರ್ಟರ್ಸಿಗೆ ಬಂದರು. ಬಾಗಿಲು ತೆಗೆದ ಕೂಡಲೇ, "ನೀನೇನು ಕರಿ ಕೆಳಗಿಂದು ಓದಿದಾವ?" ಎಂದು ಕೇಳಿದರು. ಒಳಗೆ ಬಂದು ಕೂತು, ನಾನು ಫಿಲ್ಮಿನಿಂದ ಓದಿಸಿಕೊಂಡಿದ್ದ ಆ ನಾಲ್ಕು ಹೆಸರು, ಎಂಟು ಇಸವಿಗಳನ್ನು ಬಾಯಿಪಾಠ ಒಪ್ಪಿಸಿದರು. ತೋಳು ತೋರಿಸಿದರು. ಅವರ ಎಡ ತೋಳಿನಲ್ಲೂ ಒಂದು ಗುಂಡಿದೆ.

"ಇದು ಮೂಲ. ಬೀದರಿನಾಗ ಸುಲ್ತಾನರ ಕಾಲಕ್ಕ ಬಾವಿ ತೋಡುವಾಗ ಸಿಕ್ಕಿದ್ದು. ಯಾರು ಮಾಡ್ಯಾರೋ ಗೊತ್ತಿಲ್ಲ. ಇದರ ಚೂರು ತಗೊಂಡು ಹೊಸ ಲೋಹಕ್ಕ ಹೆಪ್ಪು ಹಾಕ್ತೀನಿ. ಒಳಗಿನ ಗೂಡು ತಾನೇ ಬೆಳೀತದ. ಖರೆ, ನನಗಾದಂಗ ಯಾರಿಗೂ ಆಗವಲ್ದು."

"ಅಂದ್ರ?"

"ಎದಿ ನಿಂತ್ ಹೋಗ್ತದ. ಎಚ್ಚರ ನಿಂದ್ರಂಗಿಲ್ಲ."

ಎರಡನೆಯ ಇಸವಿ ಏನು ಎಂದು ಕೇಳಿದೆ. ಅವರು ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಸಮಾಧಿ ತೆಗೆದು ನೋಡಿದ ವರ್ಷ. ಸಂಗಪ್ಪಗ ಹನ್ನೆರಡು ವರ್ಷಕ್ಕ ತೆಗೆದೆ. ಮಡಿವಾಳಪ್ಪಗ ಐವತ್ತಾರಕ್ಕ. ನಾಲ್ಕೂ ಮಂದಿ ಎಚ್ಚರಿದ್ರು. ಗುಂಡು ತೆಗೆದ್ಕೂಡ್ಲೇ ಆರಿ ಹೋದ್ರು."

ಅಕ್ಕಾ, ಅದು ಸತ್ತ ವರ್ಷವಲ್ಲ. ನಾನು ಎಷ್ಟು ಸಂತೋಷದಿಂದ ಕಳೆದು ಬರೆದೆನಲ್ಲ, ಅಷ್ಟು ವರ್ಷ ಅವರು ಮಣ್ಣಿನ ಕೆಳಗೆ ಕೂತಿದ್ದರು.

ನಮ್ಮವರನ್ನೇ ಯಾಕೆ ಹುಡುಕುತ್ತೀರಿ ಎಂದು ಅರಚಿದೆ. ಅವರಿಗೆ ಸಿಟ್ಟೇ ಬರಲಿಲ್ಲ. "ಸುಡೋ ಮಂದಿ ಮ್ಯಾಲ ಮಾಡಿದ್ರ ನೋಡ್ಲಾಕ ಏನ್ ಉಳೀತದ? ನೀವು ಕೂಡಿಸಿ ಇಡ್ತೀರಿ. ಕೆಡದಂಗ ಉಪ್ಪು ಹಾಕ್ತೀರಿ" ಎಂದರು. ಆಮೇಲೆ ಮೆಲ್ಲಗೆ, "ಐನೂರು ವರ್ಷ ಒಬ್ಬವನೇ ಉಂಡೀನಿ ತಮ್ಮಾ. ಇನ್ನೊಬ್ಬ ಬೇಕು ನಂಗ. ನಿನ್ನ ಯಂತ್ರದಾಗ ನನ್ನ ತೋಳು ನೋಡು, ಎಲ್ಲಿ ತಪ್ಪಾಗ್ಯಾದ ಹೇಳು" ಎಂದರು. ಯಂತ್ರ ಈಗ ನನ್ನ ಕೈಯಲ್ಲಿಲ್ಲ ಎಂದೆ. "ಇರ್ಲಿ, ಕಾಯ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾವನನ್ನು ಮನೆಗೆ ತರುವ ಆಸೆ ಇಟ್ಟುಕೊಳ್ಳಬೇಡ. ಅದನ್ನೂ ಕೇಳಿದೆ. ಹೊರಗಿನ ಗಾಳಿಗೆ ಮೂರು ದಿನದಲ್ಲಿ ಮೈ ಕೊಳೆಯುತ್ತದಂತೆ, ಎಚ್ಚರ ಮಾತ್ರ ಹಾಗೇ ಇರುತ್ತದಂತೆ. ಸಮಾಧಿ ತೆಗೆಸು. ತೋಳಿನ ಗುಂಡು ತೆಗೆದುಬಿಡು. ಬಿಡುಗಡೆ ಎಂದರೆ ಇದೊಂದೇ.

ಸಸ್ಪೆಂಡ್ ಆಗಿದ್ದೇನೆ, ಅದಕ್ಕೆ ಬರಲಾಗುವುದಿಲ್ಲ ಎಂದು ಬರೆದು ಮುಗಿಸಬೇಕು ಎಂದುಕೊಂಡಿದ್ದೆ. ಅದು ನೆಪ. ನನಗೆ ಹೆದರಿಕೆ. ಅವರ ಮುಖ ನೋಡಲಾರೆ. ಇನ್ನೊಂದು ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ಗುಂಡನ್ನು ಗೋದಾವರಿಗೆ ಎಸೆಯಲಿಲ್ಲ. ಮೇಜಿನ ಡ್ರಾವರಿನಲ್ಲಿದೆ. ಇಷ್ಟೆಲ್ಲ ತಿಳಿದ ಮೇಲೂ ಅಲ್ಲೇ ಇದೆ. ದಿನಾ ಒಮ್ಮೆ ಮುಟ್ಟಿ ನೋಡುತ್ತೇನೆ, ಬೆಚ್ಚಗಿರುತ್ತದೆ.

ವೈಜು

*

ಗುಲ್ಮಂಡಿ, ಔರಂಗಾಬಾದ್
17 ಮೇ 1970

ತಮ್ಮಾ,

ನಿನ್ನ ಕಾಗದ ಬಂದು ಐದು ವಾರ ದಾಟಿತು. ಮೊದಲ ವಾರ ನಿನ್ನ ಮೇಲಿನ ಸಿಟ್ಟಿನಲ್ಲಿ ಕಳೆಯಿತು. ನೀನು ಬರಬೇಕಿತ್ತು. ಹೆದರಿಕೆಯಂತೆ! ಮೂರು ವರ್ಷದ ಕೂಸಾಗಿದ್ದಾಗ ನಿನಗೆ ಹೆದರಿಕೆಯಾದರೆ ನನ್ನ ಸೆರಗು ಹಿಡಿಯುತ್ತಿದ್ದೆ, ನಾನು ಯಾರ ಸೆರಗು ಹಿಡಿಯಲಿ?

ಆಮೇಲೆ ಅಯ್ಯನವರ ಹತ್ತಿರ ಹೋದೆ. ಪೂರ್ತಿ ಹೇಳಲಿಲ್ಲ, ಸಮಾಧಿ ತೆಗೆಸಬೇಕು ಎಂದೆ ಅಷ್ಟೆ. "ತಂಗೀ, ದುಃಖದಾಗ ಹಿಂಗ ಅನಸ್ತದ, ಶಿವಧ್ಯಾನ ಮಾಡ್ರಿ" ಎಂದರು. ನೆಂಟರಿಗೆ ಹೇಳಿದರೆ ಹುಚ್ಚಿ ಎನ್ನುತ್ತಾರೆ. ದಿನಾ ಸಂಜೆ ಒಲೆಯ ಮುಂದೆ ಕೂತಾಗ ಒಂದೇ ಯೋಚನೆ. ಅವರಿಗೆ ಕತ್ತಲೆ ಎಂದರೆ ಆಗುತ್ತಿರಲಿಲ್ಲ, ಮಲಗುವಾಗಲೂ ಸಣ್ಣ ದೀಪ ಬೇಕಿತ್ತು.

ಕೊನೆಗೆ ರುದ್ರಭೂಮಿ ಕಾಯುವ ಜಯರಾಮನಿಗೆ ಒಂದು ಸುಳ್ಳು ಹೇಳಿದೆ. ಕೈಯಲ್ಲಿ ಲಿಂಗ ಇಡುವುದನ್ನು ಮರೆತುಬಿಟ್ಟೆವು, ಲಿಂಗವಿಲ್ಲದೆ ನಮ್ಮವರನ್ನು ಮಣ್ಣಿನಲ್ಲಿ ಬಿಡುವಂತಿಲ್ಲ ಎಂದೆ. ಅವನು ಎಷ್ಟೋ ವರ್ಷದಿಂದ ನಮ್ಮವರ ಮಣ್ಣು ನೋಡಿದವನು, ಅದು ಎಂಥ ದೋಷ ಎಂದು ಗೊತ್ತು ಅವನಿಗೆ. "ಬಾಯಿ, ಹೇ ಬರೋಬರ ನಾಹೀ", ಇದು ಸರಿಯಲ್ಲವ್ವ ಎಂದು ಮರಾಠಿಯಲ್ಲಿ ಗೊಣಗುತ್ತಲೇ ಗುದ್ದಲಿ ತೆಗೆದುಕೊಂಡ. ಕಳೆದ ಸೋಮವಾರ ಮಧ್ಯಾಹ್ನ, ಬಿಸಿಲಿಗೆ ನಾಯಿಯೂ ಹೊರಗೆ ಬಾರದ ಹೊತ್ತು. ಕಲ್ಲಿನ ಬದಿಗೆ ಬಂದ ಮೇಲೆ ಅವನನ್ನು ನೀರು ತರಲು ಕಳಿಸಿ ನಾನೇ ಇಳಿದೆ. ಸೊಂಟದಲ್ಲಿ ಕಂಪೌಂಡರನಿಂದ ತಂದ ಬ್ಲೇಡು ಇತ್ತು.

ಕಲ್ಲು ಸರಿಸಿದೆ. ಕೂತಿದ್ದರು ತಮ್ಮಾ. ಹಣೆಯ ವಿಭೂತಿ ಅಳಿಸಿರಲಿಲ್ಲ. ಗಡ್ಡ ಬೆರಳುದ್ದ ಬೆಳೆದಿತ್ತು. ಎಡಗೈಯಲ್ಲಿ ಲಿಂಗ ಇಟ್ಟ ಹಾಗೇ ಇತ್ತು.

"ನೋಡ್ರಿ, ನಾ ಬಂದೀನಿ" ಎಂದೆ.

ರೆಪ್ಪೆ ಎದ್ದಿತು. ಬೆಳಕು ಚುಚ್ಚಿರಬೇಕು, ನಾನು ಸೆರಗು ಅಡ್ಡ ಹಿಡಿದೆ. ನನ್ನ ಗುರುತು ಸಿಕ್ಕಿತು. ತುಟಿ ಅಲುಗಿತು, ಉಸಿರಿಲ್ಲ, ಸ್ವರ ಹೇಗೆ ಬಂದೀತು? ನಾನು ಅಳಲಿಲ್ಲ. ಅತ್ತರೆ ಕೆಲಸ ಕೆಡುತ್ತದೆ ಎಂದು ಹಲ್ಲು ಕಚ್ಚಿ ಎಲ್ಲ ಹೇಳಿದೆ. ನಾವು ಮೋಸ ಹೋದೆವು, ನೀವು ಹೀಗೇ ಕೂತಿರಬೇಕಾಗುತ್ತದೆ, ಐವತ್ತು ವರ್ಷವೋ ನೂರು ವರ್ಷವೋ ಯಾರಿಗೂ ಗೊತ್ತಿಲ್ಲ ಎಂದೆ. ಬ್ಲೇಡು ತೋರಿಸಿದೆ. "ತೆಗೀಲೇನ್ರಿ? ಒಂದ್ ನಿಮಿಷದ ಕೆಲಸ. ಆಮ್ಯಾಲ ನಿದ್ದಿ ಬರ್ತದ" ಎಂದೆ.

ಅವರ ಬಲಗೈ ತೊಡೆಯ ಮೇಲಿಂದ ಎದ್ದಿತು. ಬಹಳ ನಿಧಾನ. ಉಪ್ಪು ಉದುರಿತು. ನನ್ನ ಕೈ ಹಿಡಿಯುತ್ತಾರೆ ಎಂದು ನಾನು ಕೈ ಚಾಚಿದೆ. ಅದು ನನ್ನನ್ನು ದಾಟಿ ಹೋಗಿ ಎಡ ತೋಳಿನ ಮೇಲೆ, ಗುಂಡಿರುವ ಜಾಗದ ಮೇಲೆ ಕೂತಿತು. ಗಟ್ಟಿಯಾಗಿ ಮುಚ್ಚಿಕೊಂಡರು.

ಮೂರು ಸಲ ಕೇಳಿದೆ. ಬೆರಳು ಬಿಡಿಸಲು ನೋಡಿದೆ. ಬದುಕಿದ್ದಾಗ ಗೋಣಿ ಎತ್ತಲಾಗದ ಮನುಷ್ಯನಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಕಣ್ಣು ನನ್ನನ್ನೇ ಬೇಡುತ್ತಿತ್ತು. ಬೇಡ ಪ್ರೇಮಾ, ಬೇಡ ಎಂದು. ಸಾಕಾಗ್ಯಾದ ಎಂದವರು ಅವರೇ. ಅಂಗಡಿಯ ಗಾದಿಯ ಮೇಲೆ ಕೂತು ಸಾಕು ಎನ್ನುವುದು ಬೇರೆ, ಅಲ್ಲಿ ಕೂತು ಸಾಕು ಎನ್ನುವುದು ಬೇರೆ ಇರಬೇಕು. ಗುಂಡನ್ನು ಡ್ರಾವರಿನಲ್ಲಿ ಇಟ್ಟುಕೊಂಡದ್ದಕ್ಕೆ ನಿನ್ನನ್ನು ಬೈಯಬೇಕು ಎಂದಿದ್ದೆ. ಅದನ್ನು ನೋಡಿದ ಮೇಲೆ ಬಾಯಿ ಬರುತ್ತಿಲ್ಲ.

ಬಲವಂತ ಮಾಡಬಹುದಿತ್ತು. ಜಯರಾಮನನ್ನು ಕರೆದು ಕೈ ಹಿಡಿಸಿ ಕತ್ತರಿಸಬಹುದಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನನ್ನು ಬೇಡ ಬೇಡ ಎನ್ನುವಾಗ ಕೊಲ್ಲಲು ನನ್ನಿಂದ ಆಗಲಿಲ್ಲ. ಹಾಗೇ ಬಿಡುವುದು ಅದಕ್ಕಿಂತ ದೊಡ್ಡ ಪಾಪವೋ ಏನೋ, ನನಗೆ ತಿಳಿಯುವುದಿಲ್ಲ. ಗಡ್ಡದಲ್ಲಿ ಸಿಕ್ಕಿದ ಬಿಲ್ವಪತ್ರೆಯ ಎಲೆ ತೆಗೆದೆ. ಕಲ್ಲು ನಿಲ್ಲಿಸಿದೆ. ಜಯರಾಮ ಬಂದು ಮಣ್ಣು ಎಳೆದ. ಲಿಂಗ ಇಟ್ಟಿರಾ ಎಂದು ಕೇಳಿದ, ಇಟ್ಟೆ ಎಂದೆ.

ಮನೆಗೆ ಬಂದು ಸ್ನಾನ ಮಾಡಿದೆ. ಸ್ನಾನ ಮಾಡಬೇಕೋ ಬೇಡವೋ ಎಂದು ಬಚ್ಚಲ ಬಾಗಿಲಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ನಿನ್ನೆ ಎದುರು ಮನೆಯ ಸುಗುಣಾಳ ಮಗಳ ಮದುವೆ ಇತ್ತು. ಹೆಂಗಸರ ಸಾಲಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವಳು ನನ್ನನ್ನು ದಾಟಿಕೊಂಡು ಮುಂದೆ ಹೋದಳು. ಪಾಪ, ಅವಳದೇನೂ ತಪ್ಪಿಲ್ಲ. ನಾನು ಕೂತಲ್ಲೇ ಕೂತು, ಇದನ್ನು ಯಾರನ್ನು ಕೇಳಲಿ ಎಂದುಕೊಂಡೆ. ಅಯ್ಯನವರನ್ನು ಕೇಳುವ ಹಾಗಿಲ್ಲ. ಹಾಗಾಗಿ ನಿನ್ನನ್ನೇ ಕೇಳುತ್ತೇನೆ, ತಪ್ಪಿಸಿಕೊಳ್ಳದೆ ಹೇಳು ತಮ್ಮಾ. ನಾನು ಕುಂಕುಮ ಹಚ್ಚಿಕೊಳ್ಳಲೋ, ಬೇಡವೋ?

ನಿನ್ನ ಅಕ್ಕ
ಪ್ರೇಮಾ